ಕೂಗುಪೆಟ್ಟಿಗೆಯ ಸಾಹೇಬರು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದೆಂಬ ನಿಯಮ ಮಾಡಿದವರು, ತಾವೂ ಒಂದು ದಿನ ಸಾಯಲಿಕ್ಕಿದೆ ಎಂದು ಮೊದಲೇ ಯೋಚಿಸಿದ ಜಾಣರಿರಬೇಕು. ಕಳೆದ ತಿಂಗಳು ಡೊಂಬಿವಲಿಯ ಒಂದು ಸಭಾಗೃಹದಲ್ಲಿ ನಮ್ಮ ಸಾಹೇಬರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಹಾರ ಹಾಕಿದ ಫೋಟೋ, ಊದುಬತ್ತಿ, ಕೈಕೊಡುವ ಮೈಕು, ಎಲ್ಲವೂ ಸಾಂಗವಾಗಿತ್ತು. ಕೂಲಿಕಾರರ ಪಾಲಿಗೆ ಅವರು ತಂದೆಯಂತಿದ್ದರು ಎಂದು ಒಬ್ಬರು ಹೇಳಿದರು. ತಾಯಿಯಂತೆಯೂ ಇದ್ದರು ಎಂದು ಇನ್ನೊಬ್ಬರು ತಿದ್ದಿದರು. ವ್ಯವಸ್ಥಾಪಕರು ನನ್ನ ಕಿವಿಗೆ ಬಗ್ಗಿ, "ರಾಯರೇ, ನೀವು ಅವರ ಸೈಟಿನಲ್ಲೇ ಇದ್ದವರು. ಎರಡು ಮಾತು ಆಡಿ" ಎಂದರು.

"ನನ್ನ ಹತ್ತಿರ ಎರಡಕ್ಕಿಂತ ಸ್ವಲ್ಪ ಜಾಸ್ತಿ ಉಂಟು" ಎಂದೆ.

"ಹಾಗಾದ್ರೆ ಬೇಡ ಮಾರಾಯ್ರೆ, ಊಟಕ್ಕೆ ತಡ ಆಗ್ತದೆ."

ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಶರಣಮ್ಮ ಎಂಬ ಹೆಂಗಸಿನ ಮಗಳು ನೀಲಿ ಅವರ ಸೈಟಿನಲ್ಲಿ ಸತ್ತಳು. ಆ ಸಾವಿನ ತಪ್ಪನ್ನು ಸಾಹೇಬರು ಎಲ್ಲರೆದುರು ಆ ತಾಯಿಯ ತಲೆಯ ಮೇಲೆ ಇಟ್ಟರು. ಅವಳು ಅದನ್ನು ಹೊತ್ತುಕೊಂಡೇ ಹೋದಳು. ಅದನ್ನು ಅಲ್ಲಿಂದ ಇಳಿಸಿ, ಅದು ಇರಬೇಕಾದ ಕಡೆ ಇಡುವುದು ಬಿಟ್ಟರೆ ನನಗೆ ಬೇರೆ ಸಾಹಿತ್ಯಸೇವೆಯ ಉದ್ದೇಶವಿಲ್ಲ.

ಸಾಹೇಬರು ಕಲಬುರಗಿ ಸೀಮೆಯವರು. ಅಗಲವಾದ ಎದೆ, ಹತ್ತಿಯ ಹಾಗೆ ಬಿಳಿಯಾದ ಮೀಸೆ, ಎಂಥ ಸಿಟ್ಟಿನವನೂ ಒಂದು ಗಳಿಗೆ ನಿಂತು ಕೇಳಬೇಕೆನ್ನಿಸುವ ದನಿ. ಠಾಣೆಯ ಒಬ್ಬ ಬಿಲ್ಡರ್ ಸೇಠನಿಗೆ ಖಾರಘರದಲ್ಲಿ ಕಟ್ಟಡಗಳನ್ನು ಎಬ್ಬಿಸಿ ಕೊಡುವ ಸೈಟ್ ಮ್ಯಾನೇಜರು ಅವರು. ಅಲ್ಲೇ ಸಿಮೆಂಟು-ಸರಳಿನ ಗೋದಾಮು ನೋಡಿಕೊಳ್ಳುವವನು ನಾನು. ಇಬ್ಬರೂ ಡೊಂಬಿವಲಿಯವರಾದ್ದರಿಂದ ದಿನಾ ಅವರ ಜೀಪಿನಲ್ಲೇ ಶೀಳ್ ಫಾಟಾ ದಾಟಿ ಹೋಗಿ ಬರುತ್ತಿದ್ದೆವು. ತೊಂಬತ್ತರ ದಶಕದ ಖಾರಘರವೆಂದರೆ ಬೆಟ್ಟದ ಬುಡದಲ್ಲಿ ಬಯಲೋ ಬಯಲು. ಒಂದೆಡೆ ಕುರುಚಲು, ಇನ್ನೊಂದೆಡೆ ಸಮುದ್ರದ ನೀರು ಒಳನುಗ್ಗುವ ಖಾಡಿಯ ಕೆಸರು, ನಡುವೆ ಅಲ್ಲೊಂದು ಇಲ್ಲೊಂದು ಅರ್ಧ ಎದ್ದ ಕಟ್ಟಡ. ನಾಲ್ಕು ಕಂಬ ನಿಂತರೆ ಸಾಕು, ಅದಕ್ಕೆ ಹೂವಿನ ಹೆಸರೋ ದೇವರ ಹೆಸರೋ ಇಟ್ಟು ಬೋರ್ಡು ಹಾಕುತ್ತಿದ್ದರು. ಆ ಬೋರ್ಡುಗಳ ಕೆಳಗೆ ಸಂಜೆಯಾದರೆ ನರಿಗಳು ಓಡಾಡುತ್ತಿದ್ದವು.

ಕೂಲಿಯವರನ್ನು ಊರಿಂದ ತರುವ ಕೆಲಸವೂ ಸಾಹೇಬರದೇ. ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಅವರು ನಿಲ್ಲುವುದನ್ನು ನಾನು ನೋಡಿದ್ದೇನೆ. ಸೋಲಾಪುರದ ಕಡೆಯಿಂದ ಬಂದ ಗಾಡಿ ಇಳಿದು, ಗಂಟು-ಮೂಟೆ, ಕೂಸು, ಅಲ್ಯುಮಿನಿಯಂ ಪಾತ್ರೆಗಳೊಂದಿಗೆ ಜನ ಕಂಗಾಲಾಗಿ ನಿಂತಿರುತ್ತಿದ್ದರು. ಸುತ್ತ ಮರಾಠಿ, ಹಿಂದಿ, ಹಮಾಲರ ಬೈಗುಳ. ಆ ಗದ್ದಲದೊಳಗಿಂದ ಸಾಹೇಬರ ದನಿ ಏಳುತ್ತಿತ್ತು: "ಯಾವೂರಾಗಿಂದ ಬಂದೀರವ್ವಾ? ಉಂಡೀರೇನು?" ಅಷ್ಟೇ. ಜನ ದನಿಯ ಕಡೆ ತಿರುಗಿ ನಡೆಯುತ್ತಿದ್ದರು. ಏನು ಕೆಲಸ, ಎಲ್ಲಿ ಮಲಗುವುದು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಭೀಮಶಾ, ಅವನ ಹೆಂಡತಿ ಶರಣಮ್ಮ, ಸೊಂಟದ ಮೇಲೆ ನಾಲ್ಕೈದು ವರ್ಷದ ನೀಲಿ ಬಂದದ್ದೂ ಹೀಗೆಯೇ. ಸಾಹೇಬರು ನೀಲಿಯ ಗಲ್ಲ ಹಿಂಡಿ, "ಇಕಿ ನಮ್ಮ ಸೈಟಿನ ಇಂಜಿನಿಯರಮ್ಮ" ಎಂದಿದ್ದರು. ಹುಡುಗಿ ನಕ್ಕಿದ್ದಳು. ಸಾಹೇಬರಿಗೆ ಮಕ್ಕಳನ್ನು ನಗಿಸುವ ಕಲೆ ಗೊತ್ತಿತ್ತು. ಇದನ್ನು ನಾನು ಅಲ್ಲಗಳೆಯುವುದಿಲ್ಲ.

ಸಾಹೇಬರಿಗೆ ಶಿಕಾರಿಯ ಚಟ. ಊರಿನ ಬೆಳೆ ಕಾಯಲೆಂದು ಪಡೆದ ಜೋಡುನಳಿಗೆ ಬಂದೂಕು ಜೀಪಿನ ಸೀಟಿನಡಿ ಇರುತ್ತಿತ್ತು. ಬೆಳೆ ಊರಲ್ಲಿ, ಕಾವಲು ಖಾರಘರದಲ್ಲಿ. ನರಿ ಹೊಡೆಯುವುದು ಕಾನೂನಿಗೆ ವಿರುದ್ಧವೆಂದು ನಾನು ಒಮ್ಮೆ ಹೇಳಿದೆ. "ರಾಯರ, ಇಲ್ಲಿ ನಾವು ಕಟ್ಟಲಿಕ್ಕತ್ತಿದ್ದ ಮೂರನೇ ಮಜಲಾನೂ ಕಾನೂನಿಗೆ ವಿರುದ್ಧನ ಅದ. ಅದನ್ನ ಹೊಡದ ಕೆಡವ್ರಿ ಮೊದಲ" ಎಂದು ನಕ್ಕರು. ವಾದದಲ್ಲಿ ಅವರನ್ನು ಗೆದ್ದವರಿಲ್ಲ.

ಹೊಡೆದ ನರಿಯಿಂದ ಏನು ಉಪಯೋಗ ಎಂದರೆ, ನರಿಕೊಂಬು. ನರಿಯ ತಲೆಯ ಮೇಲೆ ಕೂದಲೊಳಗೆ ಒಂದು ಪುಟ್ಟ ಕೊಂಬಿರುತ್ತದೆ, ಅದನ್ನು ಕುಂಕುಮದಲ್ಲಿಟ್ಟು ಪೂಜಿಸಿದರೆ ಲಕ್ಷ್ಮಿ ಮನೆ ಬಿಟ್ಟು ಕದಲುವುದಿಲ್ಲ ಎಂದು ನಂಬಿಕೆ. ನರಿಗೆ ಕೊಂಬಿಲ್ಲವೆಂದು ಜೀವಶಾಸ್ತ್ರ ಹೇಳುತ್ತದೆ. ಆದರೆ ಜೀವಶಾಸ್ತ್ರ ಖಾರಘರದಲ್ಲಿ ಪ್ಲಾಟು ಕೊಂಡಿರಲಿಲ್ಲ, ನಮ್ಮ ಸೇಠ ಕೊಂಡಿದ್ದ. ಅವನಿಗೆ ಹೊಸ ಪ್ಲಾಟಿಗೊಂದು ಕೊಂಬು ಬೇಕು. ಸಾಹೇಬರು ನರಿಯ ಬುರುಡೆಯಿಂದ ಏನೋ ಒಂದು ಮೂಳೆಯ ಚೂರನ್ನು ಕೂದಲು ಸಮೇತ ಕಿತ್ತು ಬೆಳ್ಳಿಯ ಡಬ್ಬಿಯಲ್ಲಿಟ್ಟು ಒಪ್ಪಿಸುತ್ತಿದ್ದರು. ಸೇಠ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಯಾರಿಗಾದರೂ ಅದೃಷ್ಟ ಕುದುರಿದರೆ ಬೆಳಿಗ್ಗೆ ನರಿಯ ಮುಖ ನೋಡಿ ಎದ್ದಿದ್ದಾನೆ ಎನ್ನುತ್ತೇವಷ್ಟೆ. ಆ ನರಿಗಳು ಯಾರ ಮುಖ ನೋಡಿ ಎದ್ದಿದ್ದವೋ ನಾನು ಬಲ್ಲೆ.

ಇಷ್ಟಕ್ಕೇ ನಿಂತಿದ್ದರೆ ನಾನೂ ಅಂದು ಎದ್ದುನಿಂತು ಎರಡು ಮಾತಾಡಿ, ಊಟ ಮಾಡಿ ಬರುತ್ತಿದ್ದೆ. ಕಲ್ಯಾಣ ಸ್ಟೇಷನ್ನಿನ ಹೊರಗಿನ ರದ್ದಿ ಅಂಗಡಿಯಲ್ಲಿ ಸಾಹೇಬರಿಗೆ ಒಂದು ಹಳೆಯ ವಿಲಾಯತಿ ಶಿಕಾರಿ ಮಾಸಿಕ ಸಿಕ್ಕಿತು. ಅದರಲ್ಲಿ ಅಮೆರಿಕದ ಪಶ್ಚಿಮದ ಬಯಲುಗಳ ಚಿತ್ರ. ನಮ್ಮ ಖಾರಘರದ ಹಾಗೆಯೇ ಮರವಿಲ್ಲದ ನೆಲ, ಹಿಂದೆ ಬೋಳು ಗುಡ್ಡ. ಅಲ್ಲಿ ನರಿಯ ದಾಯಾದಿಯಂಥ ಕಯೋಟಿ ಎಂಬ ಪ್ರಾಣಿಯನ್ನು ಯಂತ್ರದಿಂದ ಕರೆದು ಹೊಡೆಯುತ್ತಾರಂತೆ. ಇಂಗ್ಲಿಷು ನನ್ನ ಕೈಯಲ್ಲಿ ಓದಿಸಿದರು. ಪೊದೆಯ ಮೇಲೆ ಕೂಗುವ ಪೆಟ್ಟಿಗೆ ಇಡಬೇಕು. ಗಾಯಗೊಂಡ ಮೊಲದ ಚೀರಾಟವನ್ನು ಅದರಲ್ಲಿ ಹಾಕಬೇಕು. ಬೇಟೆಗಾರ ಅದರ ಹತ್ತಿರ ಕೂರಬಾರದು. ದೂರ, ಗಾಳಿಗೆ ಎದುರಾಗಿ ಅಡಗಬೇಕು. ಪ್ರಾಣಿಯ ಕಣ್ಣೆಲ್ಲ ಪೆಟ್ಟಿಗೆಯ ಮೇಲಿರುತ್ತದೆ, ಬೇಟೆಗಾರನ ಮೇಲೆ ಬೀಳುವುದೇ ಇಲ್ಲ.

"ನೋಡ್ರಿ ರಾಯರ," ಎಂದರು ಸಾಹೇಬರು ಭಕ್ತಿಯಿಂದ, "ಎಂಥಾ ತತ್ವಜ್ಞಾನ ಅದ."

ಅವರು ಆ ತತ್ವಜ್ಞಾನವನ್ನು ಮೊದಲಿಂದಲೂ ಪಾಲಿಸುತ್ತಿದ್ದವರೇ. ಸೈಟಿನಲ್ಲಿ ಬೈಯಬೇಕಾದರೆ ಕೂಲಿಯವರ ಮೇಸ್ತ್ರಿ ಮುಕಾದಮನ ಬಾಯಿ, ಸಮಾಧಾನಕ್ಕೆ ಮಾತ್ರ ತಮ್ಮ ಬಾಯಿ. ಸದ್ದು ಒಂದು ಕಡೆ, ತಾವು ಇನ್ನೊಂದು ಕಡೆ.

ಪೆಟ್ಟಿಗೆ ತಯಾರಾಯಿತು. ಕ್ಯಾಸೆಟ್ ಪ್ಲೇಯರು, ಗಣಪತಿ ಮಂಟಪದವರಿಂದ ಎತ್ತಿಕೊಂಡು ಬಂದ ತುತ್ತೂರಿ ಸ್ಪೀಕರು ಭೋಂಗಾ, ಹೊಂದಿಸಲಿಕ್ಕೆ ಉಲ್ಹಾಸನಗರದ ಒಬ್ಬ ರೇಡಿಯೋ ರಿಪೇರಿಯವ. ಮೊಲ ತಂದರು, ಅದು ಬಾಯಿಯನ್ನೇ ಬಿಡಲಿಲ್ಲ. ಕೊನೆಗೆ ಶಹಾಡದ ಕಸಾಯಿಯ ಅಂಗಡಿಯ ಹಿಂದೆ ಕೂತು ಒಂದು ಮೇಕೆಮರಿಯ ಕೂಗನ್ನು ತುಂಬಿಕೊಂಡು ಬಂದರು. ಹೇಗೆ ಕೂಗಿಸಿದರೆಂದು ನಾನು ಕೇಳಲಿಲ್ಲ. ಅವರಾಗಿಯೇ ವಿವರವಾಗಿ ಹೇಳಿದರು. ಹೊಸ ಸೆಲ್ಲು ಹಾಕಿದರೆ ಅದು ಮೇಕೆಮರಿಯೇ. ಸೆಲ್ಲು ಸ್ವಲ್ಪ ಇಳಿಯಿತೋ, ಟೇಪು ನಿಧಾನವಾಗಿ ದನಿ ದಪ್ಪಗಾಗುತ್ತಿತ್ತು. ಆಗ ಅದು ಮೇಕೆಯಲ್ಲ. ಐದಾರು ವರ್ಷದ ಹೆಣ್ಣುಮಗು ಎಲ್ಲೋ ಸಿಕ್ಕಿಬಿದ್ದು ತಾಯಿಯನ್ನು ಕರೆದ ಹಾಗೆ. ನರಿಗಳು ಬಂದದ್ದೂ ಆ ದನಿಗೇ. "ಹಳೇ ಸೆಲ್ಲೇ ಛಲೋ" ಎಂದು ಸಾಹೇಬರು ತೀರ್ಪಿತ್ತು, ಮನೆಯ ಗಡಿಯಾರ, ಟಾರ್ಚುಗಳಿಂದೆಲ್ಲ ಇಳಿದ ಸೆಲ್ಲುಗಳನ್ನು ಕೂಡಿಡತೊಡಗಿದರು.

ಆದರೆ ಸೂರ್ಯ ಮುಳುಗುವ ಹೊತ್ತಿಗೆ ಆ ಕೂಗಿಗೆ ನರಿಗಿಂತ ಮೊದಲು ಬಂದವರು ಸೈಟಿನ ಪಕ್ಕದ ತಗಡಿನ ಝೋಪಡಿಗಳ ಕೂಲಿ ಹೆಂಗಸರು. ಕೈಗೆ ಹಿಟ್ಟು ಮೆತ್ತಿಕೊಂಡೇ ಓಡಿಬಂದರು. ಹಿಂದಿನಿಂದ ಗಂಡಸರು ಹಾರೆ ಹಿಡಿದುಕೊಂಡು. ಎಲ್ಲರಿಗಿಂತ ಮುಂದೆ ಶರಣಮ್ಮ. ಪೊದೆಯ ಮೇಲೆ ಪೆಟ್ಟಿಗೆ ಕಂಡು ಸುಸ್ತಾಗಿ ನಿಂತಳು. ಸಾಹೇಬರು ಕಲ್ಲುಗುಡ್ಡೆಯ ಹಿಂದಿನಿಂದ ಎದ್ದು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹುಚ್ಚವ್ವಗಳಿರಾ, ಇದು ನನ್ನ ಟೇಪ. ಹೋಗ್ರಿ, ರೊಟ್ಟಿ ಹೊತ್ತತಾವ."

"ನಮ್ಗೇನ್ ಗೊತ್ರಿ ಸಾಹೇಬ್ರ, ಕೂಸಿನ ದನಿ ಅಂತ ಬಂದೇವ್ರಿ" ಎಂದಳು ಶರಣಮ್ಮ. ಅವಳಿಗೂ ನಗು ಬಂತು. ಎಲ್ಲರೂ ನಕ್ಕರು.

ಎರಡನೇ ಸಲವೂ ಬಂದರು. ಸಾಹೇಬರು ನಗಲಿಲ್ಲ. ಮೂರನೇ ಸಲ ಒಂದು ನರಿ ಕಣ್ಣಳತೆಯವರೆಗೆ ಬಂದದ್ದು ಇವರ ಕಾಲ್ಸಪ್ಪಳಕ್ಕೆ ಹೆದರಿ ತಿರುಗಿ ಓಡಿತು. ಮರುದಿನ ಬೆಳಿಗ್ಗೆ ಮುಕಾದಮನ ಬಾಯಲ್ಲಿ ಹುಕುಂ ಹೊರಟಿತು: ಸಂಜೆ ಕೂಗು ಕೇಳಿದರೆ ಯಾರೂ ಝೋಪಡಿ ಬಿಟ್ಟು ಏಳಕೂಡದು, ಎದ್ದು ಬಂದವರಿಗೆ ಅರ್ಧ ಹಾಜರಿ, ಅಂದರೆ ಅರ್ಧ ದಿನದ ಕೂಲಿ, ಕಟ್.

"ಸಾಹೇಬ್ರೇ, ಇದು ಸರಿಯಲ್ಲ" ಎಂದೆ ಜೀಪಿನಲ್ಲಿ. "ಮಗುವಿನ ಕೂಗಿಗೆ ಏಳಬೇಡಿ ಅಂತ ಹೆತ್ತವರಿಗೆ ಯಾರಾದ್ರೂ ಹೇಳ್ತಾರಾ? ಪೆಟ್ಟಿಗೆಯನ್ನಾದ್ರೂ ಆಚೆ ತಳೋಜಾ ಕಡೆ ಒಯ್ಯಿ."

"ಅಲ್ಲಿ ಫ್ಯಾಕ್ಟರಿ ಸಪ್ಪಳ ರೀ. ನರಿ ಬರೂದಿಲ್ಲ."

"ನಾಳೆ ನಿಜವಾಗ್ಲೂ ಯಾವ್ದಾದ್ರೂ ಮಗು ಕೂಗಿದ್ರೆ?"

"ನೀವು ಕರಾವಳಿ ಮಂದಿ ಭಾಳ ವಿಚಾರ ಮಾಡ್ತೀರಿ ನೋಡ್ರಿ. ಮೀನು ತಿಂದ ತಲಿ." ನಾನು ಮೀನು ತಿನ್ನುವವನಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಾತು ಬೇರೆ ದಾರಿ ಹಿಡಿಯಲೆಂದು ಹೇಳಿದ್ದು.

ಅರ್ಧ ಹಾಜರಿ ಎರಡು ಮೂರು ಸಲ ಕಟ್ ಆಯಿತು. ಆಮೇಲೆ ಯಾರೂ ಬರಲಿಲ್ಲ. ಸಂಜೆ ಬಯಲಿನಿಂದ ಆ ಕೂಗು ಬಂದರೆ ಝೋಪಡಿಯ ಮಕ್ಕಳು ಅದನ್ನು ಅಣಕಿಸಿ ಆಡುತ್ತಿದ್ದವು. ಹೆಂಗಸರು ತಲೆ ಕೂಡ ಎತ್ತುತ್ತಿರಲಿಲ್ಲ. ಸಾಹೇಬರು ಇದನ್ನು ತಮ್ಮ ಆಡಳಿತದ ದೊಡ್ಡ ಯಶಸ್ಸೆಂದು ಸೇಠನ ಎದುರು ಬಣ್ಣಿಸಿದರು. "ನಮ್ಮ ಮಂದಿಗೆ ಪ್ರೀತಿಲೇ ಹೇಳಿದ್ರ ತಿಳೀತದರೀ" ಎಂದರಂತೆ.

ಮಳೆ ಮುಗಿದ ಮೇಲಿನ ಒಂದು ದಿನ ಠಾಣೆಯ ಆಫೀಸಿನಲ್ಲಿ ಕೆಲಸವಿತ್ತು. ಸಾಹೇಬರೂ ನಾನೂ ಹೋದೆವು. ಅಲ್ಲಿಂದ ಸೀದಾ ಡೊಂಬಿವಲಿಗೆ ಬಂದೆವು. ಅಂದರೆ ಆ ಸಂಜೆ ಪೆಟ್ಟಿಗೆ ಜೀಪಿನಲ್ಲಿತ್ತು, ಜೀಪು ಠಾಣೆಯಲ್ಲಿತ್ತು.

ಖಾರಘರದಲ್ಲಿ ಕಂಬಕ್ಕೆಂದು ತೋಡಿದ ಒಂದು ಹೊಂಡದಲ್ಲಿ ಮಳೆನೀರು ನಿಂತಿತ್ತು. ಸುತ್ತ ಬೇಲಿ ಹಾಕಿರಲಿಲ್ಲ. ಬೇಲಿಗೆ ಬೇಕಾದ ತಗಡು, ಬಿದಿರು ನನ್ನ ಗೋದಾಮಿನಲ್ಲಿತ್ತು. ಬೇಕೆಂದು ಸಾಹೇಬರ ಚೀಟಿ ಬರಬೇಕಿತ್ತು. ಎರಡು ಸಲ ನೆನಪಿಸಿದ್ದೆ, ಬರಲಿಲ್ಲ. ನೀಲಿ ಆಡುತ್ತ ಅದರಲ್ಲಿ ಜಾರಿದಳು. ಕೂಡಲೇ ಮುಳುಗಲಿಲ್ಲ. ಸರಳೊಂದನ್ನು ಹಿಡಿದುಕೊಂಡು ಕೂಗಿದಳು. ಬಹಳ ಹೊತ್ತು ಕೂಗಿದಳೆಂದು ಎಲ್ಲ ಝೋಪಡಿಯವರೂ ಹೇಳಿದರು. ಎಲ್ಲರೂ ಕೇಳಿದ್ದರು. ಹಂಚಿನ ಮೇಲೆ ರೊಟ್ಟಿ ಬೇಯುತ್ತಿತ್ತು. "ಇವತ್ತ ಸಾಹೇಬ್ರ ಟೇಪ ಭಾಳ ಹೊತ್ತು ನಡದದ" ಎಂದು ಒಬ್ಬಾಕೆ ಅಂದಳಂತೆ. "ಸೆಲ್ ಹೊಸಾವು ಹಾಕ್ಯಾರೇನು" ಎಂದು ಇನ್ನೊಬ್ಬಾಕೆ. ಆ ಮಾತಿಗೆ ನಕ್ಕವರಲ್ಲಿ ಶರಣಮ್ಮನೂ ಇದ್ದಳು.

ಮರುದಿನ ಬೆಳಿಗ್ಗೆ ನಾವು ಮುಟ್ಟುವಾಗ ಮಗುವನ್ನು ಸೈಟ್ ಆಫೀಸಿನ ಮುಂದೆ ಮಲಗಿಸಿದ್ದರು. ಪೊಲೀಸರು ಬಂದು ಬರೆದುಕೊಳ್ಳುವುದೆಲ್ಲ ಮುಗಿದಿತ್ತು: ಆಟವಾಡುವಾಗ ಕಾಲು ಜಾರಿ. ಶರಣಮ್ಮ ಅಳುತ್ತಿರಲಿಲ್ಲ. ಕಂಡವರನ್ನೆಲ್ಲ ಹಿಡಿದು ಒಂದೇ ಮಾತು ಹೇಳುತ್ತಿದ್ದಳು.

"ನಾ ಕೇಳೀನ್ರಿ. ನನ್ನ ಕಿವೀಲೆ ಕೇಳೀನ್ರಿ."

ಸಾಹೇಬರು ಟೋಪಿ ತೆಗೆದು ಕಂಕುಳಲ್ಲಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿ ನಿಂತರು. ಹಾಗೆ ನಿಲ್ಲುವುದು ಅವರಿಗೆ ಒಪ್ಪುತ್ತಿತ್ತು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಆ ಕಲ್ಯಾಣ ಸ್ಟೇಷನ್ನಿನ ದನಿಯಲ್ಲಿ, ಪ್ರೀತಿಯಿಂದಲೇ ಕೇಳಿದರು:

"ಅಲ್ಲವ್ವಾ, ಹೊರಗಿನವರಿಗೆ ತಿಳೀಲಿಲ್ಲ, ಒಪ್ಪೋಣ. ಹಡದಾಕಿಗೆ ತನ್ನ ಮಗಳ ದನಿ ಗೊತ್ತಾಗೂದಿಲ್ಲೇನು?"

ನನ್ನ ಜೀವಮಾನದಲ್ಲಿ ಇಷ್ಟು ಮೆತ್ತಗಿನ ಮಾತಿನಲ್ಲಿ ಇಷ್ಟು ದೊಡ್ಡ ಕೊಲೆ ನಾನು ನೋಡಿಲ್ಲ. ನಾನು ಹೇಳಿದೆ: "ಸಾಹೇಬ್ರೇ, ಗೊತ್ತಾಗದ ಹಾಗೆ ಮಾಡಿದ್ದು ನೀವು. ಎದ್ದು ಬಂದದ್ದಕ್ಕೆ ಅವಳ ಹಾಜರಿ ಕಟ್ ಮಾಡ್ಸಿದ್ದೂ ನೀವು."

ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ರಾಯರು ಮನಸ್ಸಿಗೆ ಭಾಳ ಹಚ್ಚಿಕೊಂಡಾರ. ಯಾರರೆ ನೀರು ಕೊಡ್ರಿ ಅವರಿಗೆ." ಮುಕಾದಮ ನೀರು ತಂದ. ಅಲ್ಲಿಗೆ ವಿಚಾರಣೆ ಮುಗಿಯಿತು. ಸುತ್ತ ನಿಂತವರ ಮುಖಗಳಲ್ಲಿ ನಾನು ಕಂಡದ್ದು ಸಿಟ್ಟಲ್ಲ. ತಮ್ಮ ಮೇಲಿಂದ ಏನೋ ಇಳಿದ ಸಮಾಧಾನ. ಎಲ್ಲರ ಪಾಲಿನದೂ ಸೇರಿ ಒಬ್ಬಳ ಮೇಲೆ ಹೋಗಿತ್ತು. ಶರಣಮ್ಮ ತಲೆ ಆಡಿಸಿದಳು. "ಹೌದ್ರಿ," ಎಂದಳು, "ನನಗ ತಿಳೀಬೇಕಾಗಿತ್ರಿ."

ಖರ್ಚಿಗೆಂದು ಸಾಹೇಬರು ಭೀಮಶಾನ ಕೈಗೆ ಏನೋ ಕೊಟ್ಟರು. ಹೊಂಡಕ್ಕೆ ಅಂದೇ ಬೇಲಿ ಬಂತು; ಚೀಟಿ ಬರೆಯಲು ಅವರಿಗೆ ಅರೆಗಳಿಗೆಯೂ ಹಿಡಿಯಲಿಲ್ಲ.

ಕೆಲವು ದಿನ ಪೆಟ್ಟಿಗೆ ಸುಮ್ಮನಿತ್ತು. ಆಮೇಲೆ ಸೇಠನ ಹೊಸ ಪ್ಲಾಟಿನ ಭೂಮಿಪೂಜೆ ಹತ್ತಿರ ಬಂತು. ಸಾಹೇಬರು ಮತ್ತೆ ಹೊರಟರು. ಟೇಪಾದರೂ ಬದಲಿಸಿ ಎಂದೆ. "ಇಷ್ಟು ಛಲೋ ದನಿ ಮತ್ತ ಸಿಗೂದಿಲ್ಲ ರಾಯರ" ಎಂದರು. ಸಾಹೇಬರ ವ್ಯಕ್ತಿತ್ವವನ್ನು ಒಂದೇ ವಾಕ್ಯದಲ್ಲಿ ಹೇಳೆಂದು ಯಾರಾದರೂ ಕೇಳಿದರೆ ನಾನು ಈ ವಾಕ್ಯವನ್ನೇ ಹೇಳುತ್ತೇನೆ.

ಆಫೀಸಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬಯಲಿನಲ್ಲಿ ಕೂಗು ಎದ್ದಿತು. ಝೋಪಡಿಗಳಿಂದ ಒಬ್ಬಳೇ ಹೊರಬಂದಳು. ಓಡಲಿಲ್ಲ, ನೀರು ತರಲು ಹೋಗುವವಳ ಹಾಗೆ ನಡೆದುಹೋಗಿ ಪೆಟ್ಟಿಗೆಯ ಮುಂದೆ ನಿಂತಳು. ನಾನೂ ಹಿಂದೆಯೇ ಹೋದೆ. ಸಾಹೇಬರು ಬಂದೂಕು ಹಿಡಿದು ಮರೆಯಿಂದ ಎದ್ದು ಬಂದರು.

"ಇದು ಟೇಪ ಅಂತ ಗೊತ್ತಿಲ್ಲೇನು ಶರಣಮ್ಮ?"

"ಗೊತ್ತದ್ರಿ."

"ಮತ್ಯಾಕ ಬಂದಿ?"

"ಒಮ್ಮಿ ಬರ್ಲಿಲ್ರಿ ಯಪ್ಪಾ."

ಪೆಟ್ಟಿಗೆ ಇನ್ನೂ ಕೂಗುತ್ತಲೇ ಇತ್ತು. ಅದನ್ನು ಆರಿಸಬೇಕೆಂದೂ ಸಾಹೇಬರಿಗೆ ತೋಚಲಿಲ್ಲ, ನಾನೇ ಆರಿಸಿದೆ.

ಮರುದಿನ ಅವಳ ಹಾಜರಿ ಕಟ್ ಆಯಿತು. ಸಂಜೆ ಮತ್ತೆ ಬಂದಳು. ಪೆಟ್ಟಿಗೆಯನ್ನು ಖಾಡಿಯ ಕಡೆ ಒಯ್ದರೆ ಅಲ್ಲಿಗೂ ಬಂದಳು, ಕೆಸರಲ್ಲಿ ಮೊಣಕಾಲು ಮಟ್ಟ ಇಳಿದು. ಒಂದೇ ಒಂದು ನರಿ ಸಿಗಲಿಲ್ಲ. ಜೀಪಿನಲ್ಲಿ ಸಾಹೇಬರು ನನ್ನ ಹತ್ತಿರ ದುಃಖ ತೋಡಿಕೊಂಡರು: "ತಲಿ ಕೆಟ್ಟದರೀ ಆಕಿಗೆ. ಮಂದಿಯೊಳಗ ಇಡಬಾರದು." ಅವಳ ತಲೆ ಕೆಟ್ಟಿರಲಿಲ್ಲ, ಶಿಕಾರಿ ಕೆಟ್ಟಿತ್ತು. ವಾರದೊಳಗೆ ಗಂಡಹೆಂಡಿರನ್ನು ಸೇಠನ ವಿಠ್ಠಲವಾಡಿಯ ಸೈಟಿಗೆ ಸಾಗಿಸಲಾಯಿತು. ಭೂಮಿಪೂಜೆಗೆ ಕೊಂಬು ಒದಗಿತು.

ನಾನು ಒಮ್ಮೆ ವಿಠ್ಠಲವಾಡಿಗೆ ಹೋದೆ. ಹೇಳಬೇಕಾದ್ದು ಒಂದಿತ್ತು. ಸ್ಟೇಷನ್ನಿಗೆ ಅಂಟಿಕೊಂಡ, ಸಾಲುಕೋಣೆಗಳ ಚಾಳಿನ ಕೊನೆಯ ಖೋಲಿ. ಭೀಮಶಾ ಚಾಪೆ ಹಾಕಿದ, ಶರಣಮ್ಮ ಚಹಾ ಮಾಡಿದಳು. ಮೂವರೂ ಕೂತೆವು. ನಾನು ಗಂಟಲು ಸರಿಮಾಡಿಕೊಂಡು, "ಶರಣಮ್ಮ, ಅದು ನಿನ್ನ ತಪ್ಪಲ್ಲ. ಕೇಳಿದ್ರೂ ಏಳಬಾರ್ದು ಅಂತ ನಿನ್ನನ್ನು ಪಳಗಿಸಿದವರು..." ಎಂದು ಶುರುಮಾಡಿದೆ.

ಚಾಳಿನ ಆಚೆ ತುದಿಯಲ್ಲಿ ಯಾವುದೋ ಮಗು ಅತ್ತಿತು. ಶರಣಮ್ಮ ಕಪ್ಪು ಕೆಳಗಿಟ್ಟು ಎದ್ದು ಹೋದಳು.

"ಕುಂದ್ರಿ, ಬರ್ತಾಳ್ರಿ" ಎಂದ ಭೀಮಶಾ. "ಯಾರ ಕೂಸು ಅತ್ರೂ ಹೋಗ್ತಾಳ. ಮಂದಿ ಮೊದಲ ಬೈತಿದ್ರು. ಈಗ ಸುಮ್ನಾಗ್ಯಾರ."

ಅವಳು ಬಂದಳು. "ತೊಟ್ಟಲದಾಗ ಬಟ್ಟಿ ಹಸಿ ಆಗಿತ್ತು" ಎಂದು ಕೂತಳು. "ಏನೋ ಹೇಳ್ತಿದ್ರಿ ರಾಯರ?"

ನಾನು ಮತ್ತೆ ಮೊದಲಿಂದ ಹೇಳಿದೆ. ಸಾಹೇಬರ ಹೆಸರನ್ನೂ ಹೇಳಿದೆ. ಅವಳು ನನ್ನ ಮುಖ ನೋಡುತ್ತಿದ್ದಳು, ಆದರೆ ಕಿವಿ ಬಾಗಿಲಲ್ಲಿತ್ತು. ವಿಠ್ಠಲವಾಡಿಯಲ್ಲಿ ಮಕ್ಕಳಿಗೇನು ಬರವೇ. ನಾನು ವಾಕ್ಯ ಮುಗಿಸುವ ಮುಂಚೆ ಮಾಳಿಗೆಯ ಮೇಲೆ ಇನ್ನೊಂದು ಕೂಸು ಶುರುಮಾಡಿತು. ಶರಣಮ್ಮ, "ಬಂದ್ನಿ ತಡೀರಿ" ಎಂದು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು.